ಮಡಚಿದ ಹಾಳೆಯೊಳಗಿನ ಎಂಜಿನ್ನು

(ಬೆಂಗಳೂರಲ್ಲಿ ಒಂದು ಸಂಜೆ ಮೆಕ್ಯಾನಿಕಲ್ ಓದೋ ಹುಡುಗ ಹುಡುಗೀರ ಎದುರಿಗೆ ಮಾತಾಡಿದ್ದು, ನನ್ನ ಥರದ ರಿಟೈರ್ಡ್ ಜನ ಕೂಡ ಕೆಲವರು ಬಂದಿದ್ರು. ರೆಕಾರ್ಡಿಂಗ್ ಕೇಳಿಸ್ಕೊಂಡು ಬರ್ದಿದೀನಿ, ಮಾತಾಡಿದ ಹಾಗೇ ಇಟ್ಟಿದೀನಿ, ಅವತ್ತು ಟೈಮ್ ಸಾಲದೆ ಬಿಟ್ಟಿದ್ದನ್ನ ಅಲ್ಲಲ್ಲಿ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ಶುರು ಮಾಡೋಕೆ ಮುಂಚೆ ಈ ಹಾಳೆ ಒಂದ್ಸಲ ನೋಡ್ಬಿಡಿ, ಹಿಂದೆ ಕೂತಿರೋರಿಗೆ ಸರಿಯಾಗಿ ಕಾಣಲ್ಲ, ಆಮೇಲೆ ಮೇಜಿನ ಮೇಲೆ ಇಡ್ತೀನಿ. ಇದು ಬೀಮ್ ಎಂಜಿನ್ ಅನ್ನೋ ಹಳೇ ಥರದ ಸ್ಟೀಮ್ ಎಂಜಿನ್ನಿನ ಸೆಕ್ಷನ್ನು, ಅಂದ್ರೆ ಎಂಜಿನ್ನನ್ನ ನೆತ್ತಿಯಿಂದ ಬುಡದವರೆಗೆ ಸೀಳಿದ್ರೆ ಒಳಗೆ ಏನೇನು ಕಾಣುತ್ತೋ ಅದು. ಎಡಗಡೆ ಸಿಲಿಂಡರು, ಮೇಲೆ ಏತದ ಮರದ ಹಾಗೆ ತೂಗಾಡೋ ಬೀಮು, ಬಲಗಡೆ ಬಾವಿಗೆ ಇಳಿಯೋ ಪಂಪ್ ರಾಡು, ಕೆಳಗೆ ಹಬೆನ ತಣಿಸಿ ನೀರು ಮಾಡೋ ಕಂಡೆನ್ಸರು. 1986ರಲ್ಲಿ ಅವೆನ್ಯೂ ರೋಡಲ್ಲಿ 15 ರೂಪಾಯಿ ಕೊಟ್ಟು ತಗೊಂಡಿದ್ದು. ಯಾವ ಊರಿನ ಎಂಜಿನ್ನು, ಯಾವ ಕಂಪನಿ ಮಾಡಿದ್ದು, ಯಾವ ವರ್ಷದ್ದು, ಇವತ್ತಿಗೂ ಪತ್ತೆ ಆಗಿಲ್ಲ. ಮೇಲಿನ ಮೂಲೇಲಿ ಪ್ಲೇಟ್ 14, ಅಂದ್ರೆ 14ನೇ ಚಿತ್ರದ ಹಾಳೆ, ಅಂತ ಇದೆ, ಅಷ್ಟೇ. ಕೆಳಗಡೆ ಹೆಸರು ಇರಬೇಕಾಗಿದ್ದ ಜಾಗನ ಫ್ರೇಮಿಗೆ ಸರಿಹೋಗ್ಲಿ ಅಂತ ಯಾರೋ ಕತ್ತರಿಸಿಬಿಟ್ಟಿದಾರೆ. ನಾನು ಇವತ್ತು ಹೇಳೋದು ಹಳೇ ಎಂಜಿನಿಯರಿಂಗ್ ಪತ್ರಿಕೆ, ಪುಸ್ತಕಗಳಲ್ಲಿ ಬರ್ತಿದ್ದ ಇಂಥ ಯಂತ್ರದ ಚಿತ್ರಗಳ ಬಗ್ಗೆ, ಒಂಥರಾ ಎಲ್ಲ ಈ ಕತ್ತರಿಸಿದ ಜಾಗದ ಬಗ್ಗೇನೇ.

ನಾನು ಡ್ರಾಯಿಂಗ್ ಬೋರ್ಡಿನ ಮುಂದೆ 30 ವರ್ಷಕ್ಕಿಂತ ಜಾಸ್ತಿ ನಿಂತೋನು. ಟ್ರೇಸಿಂಗ್ ಕ್ಲಾತು, ರೂಲಿಂಗ್ ಪೆನ್ನು, ಟೀ ಸ್ಕ್ವೇರು, ಆಮೇಲೆ ಅಮೋನಿಯಾ ಪ್ರಿಂಟು, ಆ ವಾಸನೆ ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬರ್ತಿತ್ತು, ಕೊನೇ ಕೆಲವು ವರ್ಷ ಕಂಪ್ಯೂಟರಲ್ಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಗೆರೆ ಎಲ್ಲೆಲ್ಲೂ ಒಂದೇ ದಪ್ಪ ಇರ್ತಿತ್ತು. ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಒಂದಿನ ನನ್ನ ಶೀಟ್ ನೋಡಿ ಏನೂ ಬೈಲಿಲ್ಲ, ಕಾರ್ಖಾನೆ ಲೈಬ್ರರಿಯಿಂದ ಒಂದು ದಪ್ಪ ಬೈಂಡ್ ವಾಲ್ಯೂಮ್ ತರಿಸಿ, "ಇದರಲ್ಲಿ ಮಡಚಿರೋ ಹಾಳೆ ಬಿಚ್ಚಿ ನೋಡಪ್ಪಾ, ನಿಧಾನಕ್ಕೆ ಬಿಚ್ಚು" ಅಂದ್ರು. ಅದು 1880ರ ದಶಕದ ಲಂಡನ್ನಿನ ವಾರಪತ್ರಿಕೆ. ಒಂದು ಮಡಿಕೆ ಬಿಚ್ಚಿದೆ, ಎರಡು ಬಿಚ್ಚಿದೆ, ಮೂರನೇದು ಬಿಚ್ಚೋಹೊತ್ತಿಗೆ ಒಂದಿಡೀ ರೈಲ್ವೆ ಲೋಕೋಮೋಟಿವ್ ನನ್ನ ಮೇಜಿನ ಉದ್ದಕ್ಕೂ ಮಲಗಿತ್ತು, ಉದ್ದಕ್ಕೆ ಸೀಳಿದ್ದು, ಬಾಯ್ಲರಿನ ಒಂದೊಂದು ಟ್ಯೂಬು, ಫೈರ್‌ಬಾಕ್ಸಿನ ಒಂದೊಂದು ಸ್ಟೇ ಸಮೇತ. ಅವತ್ತು ಊಟಕ್ಕೆ ಹೋಗಿಲ್ಲ ನಾನು.

ಈ ಪತ್ರಿಕೆಗಳ ಬಗ್ಗೆ ಸ್ವಲ್ಪ ಹೇಳ್ತೀನಿ. ಲಂಡನ್ನಲ್ಲಿ 1823ರಲ್ಲೇ ಮೆಕ್ಯಾನಿಕ್ಸ್ ಮ್ಯಾಗಜೀನ್ ಅಂತ ಕುಶಲಕರ್ಮಿಗಳು ಕೊಂಡು ಓದೋ ಅಂಥ ಅಗ್ಗದ ವಾರಪತ್ರಿಕೆ ಶುರುವಾಯ್ತು. ಅಮೆರಿಕದಲ್ಲಿ 1845ಕ್ಕೆ ಸೈಂಟಿಫಿಕ್ ಅಮೆರಿಕನ್ ಬಂತು, ಈಗ ಅದು ಸೈನ್ಸ್ ಮ್ಯಾಗಜೀನು, ಆಗ ಅದರ ತುಂಬ ಯಂತ್ರ ಮತ್ತು ಪೇಟೆಂಟು. 1856ರಲ್ಲಿ ದಿ ಎಂಜಿನಿಯರ್. ಅದರ ಸಂಪಾದಕನಾಗಿದ್ದ ಜೆರಾ ಕೋಲ್ಬರ್ನ್ ಅನ್ನೋ ಅಮೆರಿಕದವನು, ಲೋಕೋಮೋಟಿವ್ ಅಂದ್ರೆ ಪ್ರಾಣ ಅವನಿಗೆ, ಅಲ್ಲಿಂದ ಹೊರಗೆ ಬಂದು 1866ರಲ್ಲಿ ಎಂಜಿನಿಯರಿಂಗ್ ಅಂತ ಎದುರಾಳಿ ಪತ್ರಿಕೆ ಹುಟ್ಟುಹಾಕ್ದ, 1870ಕ್ಕೆ ತೀರಿಕೊಂಡ, ಆಮೇಲೆ ಮಾ ಮತ್ತು ಡ್ರೆಜ್ ಅಂತ ಇಬ್ಬರು ಅದನ್ನ ನಡೆಸಿದ್ರು. ಈ ಎರಡು ಪತ್ರಿಕೆಗಳ ಪೈಪೋಟಿ ಇದೆಯಲ್ಲ, ಅದರಿಂದ ನಮಗೆ ಲಾಭ ಆಯ್ತು, ವಾರ ವಾರ ಅವರಿಗಿಂತ ಇವರು ಚೆನ್ನಾಗಿರೋ ಡ್ರಾಯಿಂಗ್ ಹಾಕಬೇಕು. ಕಂಪನಿಗಳು ಯಾಕೆ ತಮ್ಮ ಡ್ರಾಯಿಂಗ್ ಕೊಡ್ತಿದ್ವು ಅಂತ ಕೇಳಬಹುದು. ಪೇಟೆಂಟ್ ಕೈಯಲ್ಲಿದ್ರೆ ಮುಚ್ಚಿಡೋ ಅಗತ್ಯ ಕಡಿಮೆ, ಮತ್ತೆ ಭಾರತದಲ್ಲೋ ಅರ್ಜೆಂಟೈನಾದಲ್ಲೋ ಕೂತ ರೈಲ್ವೆ ಎಂಜಿನಿಯರು ಆ ಪುಟ ನೋಡಿ ಆರ್ಡರ್ ಕೊಟ್ರೆ ಅದಕ್ಕಿಂತ ಒಳ್ಳೆ ಜಾಹೀರಾತು ಯಾವುದು?

ಈಗ ಗೆರೆ ಹೆಂಗೆ ಹಾಳೆ ಮೇಲೆ ಬಂತು ಅನ್ನೋದು. ಇದು ನನಗೆ ತುಂಬ ಇಷ್ಟದ ವಿಷಯ, ಸ್ವಲ್ಪ ಜಾಸ್ತಿ ಹೊತ್ತು ಇದರಲ್ಲೇ ಇರ್ತೀನಿ.

ಪಠ್ಯದ ಮಧ್ಯೆ ಬರೋ ಚಿಕ್ಕ ದೊಡ್ಡ ಚಿತ್ರಗಳಲ್ಲಿ ಬಹಳಷ್ಟು ಮರದ ಅಚ್ಚು. ಬಾಕ್ಸ್‌ವುಡ್ ಅಂತ ಗಟ್ಟಿ ಮರ, ಅದನ್ನ ಉದ್ದಕ್ಕೆ ಸೀಳದೆ ಅಡ್ಡಕ್ಕೆ ಕೊಯ್ದು, ಆ ಕೊಯ್ದ ಮುಖವನ್ನ ಕನ್ನಡಿ ಥರ ನಯ ಮಾಡಿ, ಅದರ ಮೇಲೆ ಚಿತ್ರ ಉಲ್ಟಾ ಬರೆದು, ಬ್ಯೂರಿನ್ ಅನ್ನೋ ಚೂಪು ಉಳಿಯಲ್ಲಿ ಕೆತ್ತಬೇಕು. ಇಂಗ್ಲೆಂಡಿನ ಥಾಮಸ್ ಬ್ಯೂಯಿಕ್ ಈ ವಿದ್ಯೆನ ಎತ್ತರಕ್ಕೆ ಒಯ್ದವನು, ಅವನು ಕೆತ್ತಿದ್ದು ಹಕ್ಕಿ ಪ್ರಾಣಿ, ಅವನ ನಂತರದ ತಲೆಮಾರು ಅದೇ ಉಳಿಯಲ್ಲಿ ಸ್ಟೀಮ್ ಎಂಜಿನ್ ಕೆತ್ತಿತು. ಇಲ್ಲಿ ಒಂದು ಸೂಕ್ಷ್ಮ ಇದೆ ನೋಡಿ, ಮರದ ಅಚ್ಚಲ್ಲಿ ಗೆರೆನ ಕೆತ್ತೋದಲ್ಲ, ಗೆರೆಯ ಅಕ್ಕಪಕ್ಕ ಕೆತ್ತಿ ಗೆರೆನ ಉಳಿಸೋದು. ಒಂದು ಗೇರ್ ವ್ಹೀಲಿನ ನೂರು ಹಲ್ಲು ಅಂದ್ರೆ ಪ್ರತಿ ಹಲ್ಲಿನ ಎರಡೂ ಕಡೆ ಮರ ತೆಗೆದು ಕೂದಲೆಳೆಯಷ್ಟು ಏಣು ಬಿಡಬೇಕು. ಕೈ ಜಾರಿದ್ರೆ ಹೋಯ್ತು. ಆ ಮರ ದಪ್ಪಗೆ ಬೆಳೆಯಲ್ಲ, ಹಾಗಾಗಿ ದೊಡ್ಡ ಚಿತ್ರಕ್ಕೆ ಚಿಕ್ಕ ಚಿಕ್ಕ ತುಂಡು ಜೋಡಿಸಿ ಬೋಲ್ಟ್ ಹಾಕ್ತಿದ್ರು, ಅರ್ಜೆಂಟ್ ಇದ್ರೆ ಬೋಲ್ಟ್ ಬಿಚ್ಚಿ ಒಂದೊಂದು ತುಂಡನ್ನ ಒಬ್ಬೊಬ್ಬ ಕೆತ್ತನೆಗಾರನಿಗೆ ಕೊಟ್ಟು ರಾತ್ರೋರಾತ್ರಿ ಮುಗಿಸಿ ಮತ್ತೆ ಜೋಡಿಸ್ತಿದ್ರು. ಹಳೇ ಪತ್ರಿಕೆಯ ದೊಡ್ಡ ಚಿತ್ರದಲ್ಲಿ ನೇರಕ್ಕೆ ಒಂದು ತೆಳು ಬಿಳಿ ಗೆರೆ ಹಾದುಹೋಗಿರೋದು ಕಂಡ್ರೆ ಅದು ಪ್ರಿಂಟಿಂಗ್ ದೋಷ ಅಂತ ಬೇಜಾರು ಮಾಡ್ಕೋಬೇಡಿ, ಅದು ಎರಡು ಮರದ ತುಂಡು ಸೇರಿದ ಜಾಗ, ಒಂದು ಕಡೆಯವನ ಕೈಗೂ ಇನ್ನೊಂದು ಕಡೆಯವನ ಕೈಗೂ ವ್ಯತ್ಯಾಸ ಇದೆಯಾ ಅಂತ ಲೂಪ್, ಅಂದ್ರೆ ಚಿಕ್ಕ ಭೂತಗನ್ನಡಿ, ಹಿಡ್ಕೊಂಡು ನೋಡಿ.

ಮರದ ಅಚ್ಚಿನ ಅನುಕೂಲ ಏನಂದ್ರೆ ಅದು ಉಬ್ಬಚ್ಚು, ಸೀಸದ ಅಕ್ಷರಗಳ ಜೊತೇಲೇ ಒಂದೇ ಪುಟದಲ್ಲಿ ಕೂರುತ್ತೆ. ತಾಮ್ರ ಅಥವಾ ಉಕ್ಕಿನ ತಗಡಿನದ್ದು ಹಾಗಲ್ಲ, ಅಲ್ಲಿ ಗೆರೆ ತಗ್ಗಿನಲ್ಲಿರುತ್ತೆ, ಆ ತಗ್ಗಲ್ಲಿ ಶಾಯಿ ತುಂಬಿ ಮೇಲೆಲ್ಲ ಒರೆಸಿ, ಒದ್ದೆ ಕಾಗದ ಇಟ್ಟು ರೋಲರ್ ಪ್ರೆಸ್ಸಲ್ಲಿ ಒತ್ತಬೇಕು, ಹಾಗಾಗಿ ಅದು ಬೇರೆ ಹಾಳೆ. ಬೆರಳ ತುದೀಲಿ ಮೆಲ್ಲಗೆ ಸವರಿದ್ರೆ ಗೆರೆ ಉಬ್ಬಿರೋದು ಗೊತ್ತಾಗುತ್ತೆ, ಅಂಚಲ್ಲಿ ತಗಡು ಒತ್ತಿದ ಗುರುತು ಇರುತ್ತೆ. ಈ ಕೆಲಸದಲ್ಲಿ ವಿಲ್ಸನ್ ಲೌರಿ ಅಂತ ಒಬ್ಬರು, ಸುಮಾರು 1790ರ ಹೊತ್ತಿಗೆ ಸಮಾನಾಂತರ ಗೆರೆ ಎಳೆಯೋಕೇ ಒಂದು ರೂಲಿಂಗ್ ಮೆಷಿನ್ ಕಟ್ಟಿದ್ರು, ವಜ್ರದ ಮೊನೆ ಬಳಸಿದ್ರು. 1802ರಿಂದ 1820ರವರೆಗೆ ಬಂದ ರೀಸ್ ಸೈಕ್ಲೋಪೀಡಿಯಾದಲ್ಲಿ ಅವರ ಪ್ಲೇಟುಗಳಿವೆ, ಸಿಲಿಂಡರಿನ ಉರುಟು ತೋರಿಸೋಕೆ ಗೆರೆಗಳು ಅಂಚಿಗೆ ಹೋದಂಗೆಲ್ಲ ಒತ್ತೊತ್ತಾಗ್ತಾ ಹೋಗ್ತವೆ, ಲೋಹ ಹೊಳೆಯೋದು ಕಾಣುತ್ತೆ, ಒಂದೇ ಬಣ್ಣದ ಕಪ್ಪು ಶಾಯೀಲಿ! ಆಮೇಲೆ ಲಿಥೋ ಬಂತು, ಕಲ್ಲಚ್ಚು, ಎಣ್ಣೆಗೂ ನೀರಿಗೂ ಆಗಿಬರಲ್ಲ ಅನ್ನೋ ಒಂದೇ ಸತ್ಯದ ಮೇಲೆ ನಿಂತ ವಿದ್ಯೆ, ಅದರಲ್ಲಿ ಉಬ್ಬೂ ಇಲ್ಲ ತಗ್ಗೂ ಇಲ್ಲ, ಸವರಿದ್ರೆ ನುಣ್ಣಗೆ. ಪ್ಲೇಟಿನ ಕೆಳಗೆ ಎಡಗಡೆ ಹೆಸರಿನ ಮುಂದೆ ಡೆಲ್ ಅಂತಿದ್ರೆ ಚಿತ್ರ ಬರೆದವರು, ಬಲಗಡೆ ಸ್ಕಲ್ಪ್ ಅಂತಿದ್ರೆ ಕೆತ್ತಿದವರು. ಆದ್ರೆ ಕಾರ್ಖಾನೆಯ ಟ್ರೇಸಿಂಗ್ ಆಫೀಸಲ್ಲಿ ಬಟ್ಟೆ ಮೇಲೆ ಪ್ರತಿ ತೆಗೀತಿದ್ದೋರ ಹೆಸರು ಸಾಮಾನ್ಯವಾಗಿ ಎಲ್ಲೂ ಇರಲ್ಲ, ಬ್ರಿಟನ್ನಿನಲ್ಲಿ ಅವರಲ್ಲಿ ತುಂಬ ಜನ ಹೆಣ್ಣುಮಕ್ಕಳು.

ಇನ್ನು ಓದೋದು. ನೋಡೋದು ಬೇರೆ, ಓದೋದು ಬೇರೆ. ಹಳೇ ಡ್ರಾಯಿಂಗಲ್ಲಿ ಬೆಳಕು ಮೇಲಿನ ಎಡಮೂಲೆಯಿಂದ ಬೀಳುತ್ತೆ ಅಂತ ಒಪ್ಪಂದ. ಹಾಗಾಗಿ ಉಬ್ಬಿರೋ ಭಾಗದ ಬಲ ಅಂಚು ಮತ್ತು ಕೆಳ ಅಂಚು ದಪ್ಪ ಗೆರೆ, ಎಡ ಮತ್ತು ಮೇಲೆ ತೆಳು. ತೂತಾಗಿದ್ರೆ ಉಲ್ಟಾ. ಇಷ್ಟು ಗೊತ್ತಿದ್ರೆ ಒಂದು ಚೌಕ ನೋಡಿದ ತಕ್ಷಣ ಅದು ಮುಂದೆ ಬಂದಿರೋ ಬ್ಲಾಕೋ ಒಳಗೆ ಹೋಗಿರೋ ಗುಳಿಯೋ ಅಂತ ಇನ್ನೊಂದು ವ್ಯೂ ನೋಡದೇನೇ ಹೇಳಬಹುದು. ನನ್ನ ಹೆಡ್ ಡ್ರಾಫ್ಟ್ಸ್‌ಮನ್ ಬೈಯದೇ ಕಲಿಸಿದ್ದು ಇದನ್ನೇ.

ಕೈಯಲ್ಲಿ ಬರೆದ ಮೂಲ ಡ್ರಾಯಿಂಗ್ ಸಿಕ್ಕಿದ್ರೆ ಬಣ್ಣನೂ ಮಾತಾಡುತ್ತೆ. ಸೆಕ್ಷನ್ನಲ್ಲಿ ಬೀಡು ಕಬ್ಬಿಣಕ್ಕೆ ಬೂದು, ಮೆದು ಕಬ್ಬಿಣಕ್ಕೆ ಪ್ರಷ್ಯನ್ ನೀಲಿ, ಉಕ್ಕಿಗೆ ನೇರಳೆ, ಹಿತ್ತಾಳೆಗೆ ಹಳದಿ, ಇಟ್ಟಿಗೆಗೆ ಕೆಂಪು. ಪತ್ರಿಕೆಯಲ್ಲಿ ಕಪ್ಪು ಮಾತ್ರ ಇರೋದ್ರಿಂದ ಆ ಬಣ್ಣದ ಕೆಲಸನೆಲ್ಲ ಓರೆ ಗೆರೆಗಳೇ ಹೊರಬೇಕು. ಇನ್ನೊಂದು, ಸ್ಕೇಲಿನ ಪಟ್ಟಿ. ಕೆಳಗೆ ಅಡಿಗಳ ಲೆಕ್ಕದಲ್ಲಿ ಒಂದು ಉದ್ದ ಪಟ್ಟಿ ಬರೆದಿರ್ತಾರೆ. ಕಾಲಿಂಚಿಗೆ ಒಂದಡಿ ಅಂತ ಅಕ್ಷರದಲ್ಲಿ ಬರೆದಿದ್ರೆ ಅಚ್ಚಿಗೆ ಹೋಗುವಾಗ ಚಿತ್ರ ಚಿಕ್ಕದು ಮಾಡಿದ್ರೆ ಆ ಮಾತು ಸುಳ್ಳಾಗುತ್ತೆ, ಕಾಗದ ಕುಗ್ಗಿದ್ರೂ ಸುಳ್ಳಾಗುತ್ತೆ, ಆದ್ರೆ ಪಟ್ಟಿ ಚಿತ್ರದ ಜೊತೆಗೇ ಕುಗ್ಗುತ್ತೆ, ಹಾಗಾಗಿ ಪಟ್ಟಿ ಯಾವತ್ತೂ ನಿಜ ಹೇಳುತ್ತೆ. ನನ್ನ ಈ 14ನೇ ಪ್ಲೇಟಲ್ಲಿ ಆ ಪಟ್ಟಿನೂ ಹೆಸರಿನ ಜೊತೆ ಕತ್ತರಿಗೆ ಹೋಗಿದೆ. ಸಿಲಿಂಡರ್ ಎಷ್ಟು ದಪ್ಪ ಅಂತ ಅಳೆಯೋ ದಾರಿ ಇಲ್ಲ.

ಪ್ಲೇಟಿಗೆ ಅದರ ಪಠ್ಯ ಜೊತೇಲಿದ್ರೆ ಏನಾಗುತ್ತೆ ಅನ್ನೋದಕ್ಕೆ ಫೋರ್ತ್ ಬ್ರಿಡ್ಜ್ ಹೇಳ್ತೀನಿ. ಸ್ಕಾಟ್ಲೆಂಡಲ್ಲಿ ಎಡಿನ್‌ಬರೋ ಹತ್ರ ಇರೋ ರೈಲ್ವೆ ಸೇತುವೆ, ಫೌಲರ್ ಮತ್ತು ಬೇಕರ್ ಡಿಸೈನು, 1890ರ ಮಾರ್ಚ್ 4ಕ್ಕೆ ಉದ್ಘಾಟನೆ. ಅದಕ್ಕೆ ನಾಲ್ಕು ದಿನ ಮುಂಚೆ, ಫೆಬ್ರವರಿ 28ಕ್ಕೆ, ಎಂಜಿನಿಯರಿಂಗ್ ಪತ್ರಿಕೆ ಇಡೀ ಸೇತುವೆ ಬಗ್ಗೆ ಒಂದು ದೊಡ್ಡ ಲೇಖನ ಹಾಕ್ತು. ಬರೆದವರು ವಿಲ್ಹೆಲ್ಮ್ ವೆಸ್ಟ್‌ಹೋಫೆನ್, ನದಿ ಮಧ್ಯದ ಇಂಚ್‌ಗಾರ್ವಿ ದ್ವೀಪದ ಭಾಗಕ್ಕೆ ಅವರೇ ಜವಾಬ್ದಾರಿ ಹೊತ್ತಿದ್ದ ಎಂಜಿನಿಯರು. ಅಂದ್ರೆ ಕಟ್ಟಿದವನೇ ಕೂತು ಬರೆದಿದ್ದು. ಕಂಬದಿಂದ ಕಂಬಕ್ಕೆ ಎರಡು ದೊಡ್ಡ ಸ್ಪ್ಯಾನು, ಒಂದೊಂದು 1,710 ಅಡಿ, ಒತ್ತಡ ಹೊರೋ ಉಕ್ಕಿನ ಕೊಳವೆಗಳು 12 ಅಡಿ ವ್ಯಾಸ, ಅದರೊಳಗೆ ಎರಡಾಳು ಒಬ್ಬರ ಮೇಲೊಬ್ಬರು ನಿಲ್ಲಬಹುದು. ಯಾಕೆ ಇಷ್ಟು ದಪ್ಪ ಅಂದ್ರೆ ಅದಕ್ಕೆ ಹತ್ತು ವರ್ಷ ಹಿಂದೆ, 1879ರ ಡಿಸೆಂಬರ್ 28ರ ರಾತ್ರಿ, ಬಿರುಗಾಳೀಲಿ ಟೇ ಸೇತುವೆ ಮೇಲೆ ಹೋಗ್ತಿದ್ದ ರೈಲಿನ ಸಮೇತ ನದಿಗೆ ಬಿದ್ದಿತ್ತು. ಅಲ್ಲಿ ಬೀಡು ಕಬ್ಬಿಣದ ಕಂಬಗಳಿಗೆ ಅಡ್ಡ ಕಟ್ಟಿದ್ದ ಪಟ್ಟಿಗಳು ಹಿಡ್ಕೊಂಡಿದ್ದ ಕಿವಿಗಳೇ ಕಿತ್ತುಬಂದಿದ್ವು. ಆ ಸೇತುವೆ ಮಾಡಿದ್ದ ಥಾಮಸ್ ಬೌಚ್ ಅವರೇ ಫೋರ್ತಿಗೂ ಒಂದು ತೂಗುಸೇತುವೆ ಡಿಸೈನ್ ಕೊಟ್ಟಿದ್ರು, ಅದನ್ನ ಕೈಬಿಟ್ಟು ಈ ಕ್ಯಾಂಟಿಲಿವರ್, ಅಂದ್ರೆ ಕಂಬದಿಂದ ಎರಡೂ ಕಡೆ ತೋಳು ಚಾಚಿದ ಹಾಗಿರೋ ಸೇತುವೆ, ಬಂತು. ಅದನ್ನ ಜನಕ್ಕೆ ಅರ್ಥ ಮಾಡಿಸೋಕೆ ಬೇಕರ್ ಇಬ್ಬರನ್ನ ಕುರ್ಚಿ ಮೇಲೆ ಕೂರಿಸಿ, ಕೈ ಚಾಚಿಸಿ, ಕೈಗೆ ಕೋಲು ಆನಿಸಿ, ಆಚೆ ಈಚೆ ಇಟ್ಟಿಗೆ ತೂಕ ಕಟ್ಟಿ, ಮಧ್ಯದಲ್ಲಿ ಜಪಾನಿನ ಕೈಚಿ ವತನಾಬೆ ಅನ್ನೋ ಎಂಜಿನಿಯರನ್ನ ತೂಗಿಸಿ ಫೋಟೋ ತೆಗೆಸಿದ್ರು, ನಿಮ್ಮಲ್ಲಿ ತುಂಬ ಜನ ನೋಡಿರ್ತೀರ.

ಆ ಕೆಲಸದ ಕೈಸನ್ನಿನ ಡ್ರಾಯಿಂಗ್ ತಗೊಳ್ಳಿ. 70 ಅಡಿ ವ್ಯಾಸದ ಕಬ್ಬಿಣದ ದೊಡ್ಡ ತೊಟ್ಟಿ, ತಳ ಇಲ್ಲದ್ದು, ನದಿ ತಳಕ್ಕೆ ಇಳಿಸಿ, ಒಳಗೆ ಗಾಳಿ ಒತ್ತಿ ನೀರನ್ನ ಆಚೆ ತಳ್ಳಿ, ಅದರ ಕೆಳಗಿನ ಕೋಣೇಲಿ ಜನ ನಿಂತು ಮಣ್ಣು ಅಗೆಯೋದು. ಆ ಹಾಳೆ ಒಂದನ್ನೇ ಕಿತ್ತು ಗೋಡೆಗೆ ಹಾಕಿದ್ರೆ ಅದು ಒಂದು ಚಂದದ ದುಂಡು ಆಕಾರ. ಪಠ್ಯ ಓದಿ, ಆಗ ಗೊತ್ತಾಗುತ್ತೆ 1885ರ ಹೊಸವರ್ಷದ ದಿನ ಅದರಲ್ಲಿ ಒಂದು ವಾಲಿ ನೀರು ತುಂಬ್ಕೊಂಡು ಮುಳುಗಿ, ಅದನ್ನ ಎತ್ತಿ ನೆಟ್ಟಗೆ ಮಾಡೋಕೆ ತಿಂಗಳುಗಟ್ಟಲೆ ಹಿಡೀತು ಅಂತ. ಈ ಸೇತುವೆ ಕಟ್ಟುವಾಗ ಸತ್ತೋರು 57 ಅಂತ ಬಹಳ ಕಾಲ ಲೆಕ್ಕ ಇತ್ತು, ಆಮೇಲೆ ಅಲ್ಲಿನ ಊರಿನವರೇ ದಾಖಲೆ ಹುಡುಕಿ 73 ಅಂತ ಗುರುತಿಸಿದ್ರು. ಹಾಳೆ ಮೇಲಿನ ಆ ಖಾಲಿ ಕೋಣೆ ನೋಡುವಾಗ ಅಲ್ಲಿ ನಿಂತಿದ್ದೋರು ನೆನಪಾಗಬೇಕು, ಅದಕ್ಕೆ ಪಠ್ಯ ಪಕ್ಕದಲ್ಲಿರಬೇಕು.

ನಮ್ಮ ದೇಶದ್ದೂ ಇದೆ. ರೂರ್ಕಿಯ ಥಾಮಸನ್ ಕಾಲೇಜಿನಿಂದ 1863ರಲ್ಲಿ ಪ್ರೊಫೆಷನಲ್ ಪೇಪರ್ಸ್ ಆನ್ ಇಂಡಿಯನ್ ಎಂಜಿನಿಯರಿಂಗ್ ಅಂತ ಶುರುವಾಯ್ತು, ಮೇಜರ್ ಮೆಡ್ಲಿ ಸಂಪಾದಕರು, ಕಾಲುವೆ, ಸೇತುವೆ, ರಸ್ತೆ, ಇಟ್ಟಿಗೆ ಗೂಡು, ಎಲ್ಲದಕ್ಕೂ ಕಲ್ಲಚ್ಚಿನ ಪ್ಲೇಟು, ಅಲ್ಲೇ ಕಾಲೇಜಿನ ಪ್ರೆಸ್ಸಲ್ಲಿ ಅಚ್ಚಾಗಿದ್ದು. ಲಂಡನ್ನಿನ ನಯ ಅದರಲ್ಲಿಲ್ಲ, ಆದ್ರೆ ನಮ್ಮ ಸುಣ್ಣ ನಮ್ಮ ಮಣ್ಣಿನ ಲೆಕ್ಕ ಅದರಲ್ಲಿದೆ, ನಂಗೆ ಅದು ಹೆಚ್ಚು. ನಮ್ಮ ಶಿವನಸಮುದ್ರ 1902ರ ಜೂನ್ 30ಕ್ಕೆ ಚಾಲೂ ಆಗಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟಾಗ, ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್, ಎಲೆಕ್ಟ್ರಿಕಲ್ ಸಾಮಾನು ಅಮೆರಿಕದ ಜನರಲ್ ಎಲೆಕ್ಟ್ರಿಕ್, ಹೊರದೇಶದ ಎಲೆಕ್ಟ್ರಿಕಲ್ ಪತ್ರಿಕೆಗಳಲ್ಲೂ ಕಾವೇರಿ ಸ್ಕೀಮ್ ಅಂತ ಬಂತು. ಆದ್ರೆ ಅಷ್ಟೊತ್ತಿಗೆ ಫೋಟೋನ ಚಿಕ್ಕ ಚಿಕ್ಕ ಚುಕ್ಕಿಗಳಾಗಿ ಒಡೆದು ಅಚ್ಚು ಹಾಕೋ ಹಾಫ್‌ಟೋನ್ ಬಂದು ಪತ್ರಿಕೆಗಳಲ್ಲಿ ಫೋಟೋ ಜಾಸ್ತಿ ಆಗ್ತಿತ್ತು, ಲೂಪಲ್ಲಿ ನೋಡಿದ್ರೆ ಬರೀ ಚುಕ್ಕಿ. ಫೋಟೋ ಮೆಷಿನ್ನಿನ ಮುಖ ತೋರಿಸುತ್ತೆ, ಹೊಟ್ಟೆ ತೋರಿಸಲ್ಲ.

ಸಂಗ್ರಹಕ್ಕೆ ಬರ್ತೀನಿ. ನಂಗೆ ಸಿಕ್ಕಿದ್ದೆಲ್ಲ ಅವೆನ್ಯೂ ರೋಡು, ಬಳೇಪೇಟೆ ಕಡೆ ರದ್ದಿ ಅಂಗಡಿ, ಮುಚ್ಚಿಹೋದ ವರ್ಕ್‌ಶಾಪುಗಳ ಹರಾಜು, ತೀರಿಕೊಂಡ ಎಂಜಿನಿಯರುಗಳ ಮನೆಯವರು ಕರೆದು ಕೊಟ್ಟಿದ್ದು. ಮಾರೋರು ಯಾಕೆ ಪುಸ್ತಕ ಬಿಚ್ಚಿ ಪ್ಲೇಟ್ ಬಿಡಿಬಿಡಿ ಮಾರ್ತಾರೆ ಅಂತ ಒಬ್ಬ ಅಂಗಡಿಯವರನ್ನ ಕೇಳಿದ್ದೆ. "ಸಾರ್, ಇಡೀ ಪುಸ್ತಕ ಎರಡು ವರ್ಷ ಬಿದ್ದಿತ್ತು, ಯಾರೂ ಮುಟ್ಟಲಿಲ್ಲ, ಹಾಳೆ ಕಿತ್ತು ನೇತಾಕಿದ ಮೇಲೆ ಒಂದು ವಾರದಲ್ಲಿ ಖಾಲಿ" ಅಂದ್ರು. ಅವರ ಹೊಟ್ಟೆಪಾಡು ನಂಗೆ ಅರ್ಥ ಆಗುತ್ತೆ, ತಗೊಳ್ಳೋ ನಾವು ಬದಲಾಗಬೇಕು. ಪೂರ್ತಿ ವಾಲ್ಯೂಮ್ ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ಬೈಂಡಿಂಗ್ ಹೋಗಿದ್ರೂ ಪರವಾಗಿಲ್ಲ. ಬಿಡಿ ಹಾಳೆ ತಗೊಂಡ್ರೆ ಅದರ ಪಠ್ಯ ಹುಡುಕಿ ಪ್ರಿಂಟ್ ತೆಗೆದು ಜೊತೇಲಿಡಿ. ಗೋಡೆಗೆ ಬೇಕಾ, ಸ್ಕ್ಯಾನ್ ಮಾಡಿ ಆ ಪ್ರಿಂಟನ್ನ ಹಾಕಿ, ಕಣ್ಣಿಗೆ ಅದೇ ಸುಖ, ಅಸಲು ಕತ್ತಲಲ್ಲಿ ಕ್ಷೇಮವಾಗಿರುತ್ತೆ.

ಕಾಗದದ ವಿಷಯ. 1850ರ ಮುಂಚಿನ ಹಾಳೆ ಸಾಮಾನ್ಯವಾಗಿ ಚಿಂದಿಬಟ್ಟೆಯಿಂದ ಮಾಡಿದ್ದು, ಈಗಲೂ ಗಟ್ಟಿ. ಅದಾದ್ಮೇಲೆ ಮರದ ತಿರುಳಿನ ಕಾಗದ ಬಂತು, ಪಟಿಕ ಹಾಕಿ ತಯಾರಿಸಿದ್ದು, ಅದರಲ್ಲಿ ನಿಧಾನಕ್ಕೆ ಆಸಿಡ್ ಹುಟ್ಟುತ್ತೆ, ಹಳದಿ ಆಗಿ, ಕಂದು ಆಗಿ, ಮಡಿಕೆಯಲ್ಲಿ ಹಪ್ಪಳದ ಥರ ಮುರಿಯುತ್ತೆ. ನಮ್ಮದೇ ಒಂದು ಹಾಳೆ ಮಡಿಕೆಯಲ್ಲಿ ಹರಿದಿತ್ತು, ಅದಕ್ಕೆ ನಾನು 1990ರ ಸುಮಾರಿಗೆ ಸೆಲ್ಲೋ ಟೇಪ್ ಹಚ್ಚಿದೆ. ಹತ್ತು ವರ್ಷ ಆದ್ಮೇಲೆ ತೆಗೆದು ನೋಡಿದ್ರೆ ಟೇಪ್ ಉದುರಿಹೋಗಿದೆ, ಗೋಂದು ಕಾಗದದೊಳಕ್ಕೆ ಇಳಿದು ಕಂದು ಬಣ್ಣದ ಪಟ್ಟೆ ಆಗಿದೆ, ಸರಿಯಾಗಿ ಸಿಲಿಂಡರಿನ ಮೇಲೆ. ಆ ಕಲೆ ಹೋಗಲ್ಲ. ಆ ಹಾಳೆ ನೋಡಿದಾಗೆಲ್ಲ ಇವತ್ತಿಗೂ ಎದೆ ಚುರ್ ಅನ್ನುತ್ತೆ. ದಯವಿಟ್ಟು ಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ತೆಳು ಜಪಾನೀ ಕಾಗದ, ಗೋಧಿ ಪಿಷ್ಟದ ಅಂಟು, ನೀರು ಸೋಕಿಸಿದ್ರೆ ಮತ್ತೆ ಬಿಚ್ಚೋಕೆ ಬರೋ ಅಂಥದ್ದು, ಅದೊಂದೇ. ಸುರುಳಿ ಸುತ್ತಬೇಡಿ, ಚಪ್ಪಟೆಯಾಗಿಡಿ. ಹುಳಕ್ಕೆ ನಮ್ಮ ಹಿರಿಯರು ತಾಳೆಗರಿ ಕಟ್ಟಿನ ಜೊತೆ ಬಜೆ ಇಡ್ತಿದ್ರಲ್ಲ, ನಾನೂ ಬಜೆ ತುಂಡನ್ನ ಬಟ್ಟೇಲಿ ಕಟ್ಟಿ ಕಪಾಟಿನಲ್ಲಿ ಇಡ್ತೀನಿ, ಹಾಳೆಗೆ ತಾಗದ ಹಾಗೆ. ಬರೆಯೋದಿದ್ರೆ ಹಿಂಭಾಗದಲ್ಲಿ ಪೆನ್ಸಿಲಲ್ಲಿ ಮೆತ್ತಗೆ. ಬ್ಲೂಪ್ರಿಂಟ್ ಸಿಕ್ಕಿದ್ರೆ ಅದನ್ನ ಬೇರೆ ಇಡಿ, ಅದು ಹರ್ಷೆಲ್ 1842ರಲ್ಲಿ ಕಂಡುಹಿಡಿದ ನೀಲಿ, ಕ್ಷಾರ ಸೋಕಿದ್ರೆ ಬಣ್ಣ ಹೋಗುತ್ತೆ, ಹಳೇ ಕಾಗದಕ್ಕೆ ಒಳ್ಳೇದು ಅಂತ ಕೊಡೋ ಕ್ಷಾರ ಸೇರಿಸಿದ ಫೋಲ್ಡರ್ರೇ ಇದಕ್ಕೆ ಶತ್ರು.

ಎಲ್ಲಾ ಇಂಟರ್ನೆಟ್ಟಲ್ಲಿ ಇದೆಯಲ್ಲ ಸಾರ್, ಕಾಗದ ಯಾಕೆ ಅಂತ ಮೊನ್ನೆ ಒಬ್ಬ ಹುಡುಗ ಕೇಳ್ದ. ಇದೆ, ಇಂಟರ್ನೆಟ್ ಆರ್ಕೈವಲ್ಲಿ, ಗೂಗಲ್ ಬುಕ್ಸಲ್ಲಿ ಸಾವಿರಾರು ವಾಲ್ಯೂಮ್ ಇದೆ, ನಾನು ದಿನಾ ನೋಡ್ತೀನಿ, ಅದಿಲ್ಲದಿದ್ರೆ ನನ್ನ ಎಷ್ಟೋ ಬಿಡಿ ಹಾಳೆಗಳಿಗೆ ಮನೆ ಸಿಗ್ತಿರಲಿಲ್ಲ. ಆದ್ರೆ ಅವಸರದಲ್ಲಿ ಸ್ಕ್ಯಾನ್ ಮಾಡಿದೋರು ಎಷ್ಟೋ ಕಡೆ ಮಡಚಿದ ಹಾಳೆನ ಬಿಚ್ಚೇ ಇಲ್ಲ. ಪುಟ ತಿರುಗಿಸ್ತಾ ಹೋದ್ರೆ ವಿವರಣೆ ಪೂರ್ತಿ ಇರುತ್ತೆ, ಚಿತ್ರದ ಜಾಗದಲ್ಲಿ ಮಡಚಿದ ಕಾಗದದ ಬೆನ್ನು, ಅದರ ಮೇಲೆ ಹಿಂದಿನಿಂದ ಮಸುಕಾಗಿ ಕಾಣೋ ಅರ್ಧ ಚಕ್ರ. ಪಠ್ಯ ಅಲ್ಲಿದೆ, ಚಿತ್ರ ಇಲ್ಲಿದೆ. ಅದಕ್ಕೇ ಈಗ ನಾನು ಮಾಡ್ತಿರೋ ಕೆಲಸ ಅಂದ್ರೆ, ನನ್ನ ಹತ್ರ ಇರೋ ಮಡಿಕೆ ಹಾಳೆ ಒಂದೊಂದನ್ನೂ ಬಿಚ್ಚಿ, ಮಗಳ ಕ್ಯಾಮೆರಾದಲ್ಲಿ ತುಂಡು ತುಂಡಾಗಿ ತೆಗೆದು ಜೋಡಿಸಿ, ಪಕ್ಕದಲ್ಲಿ ಒಂದು ಅಳತೆ ಪಟ್ಟಿ ಇಟ್ಟು, ಯಾವ ವಾಲ್ಯೂಮು ಯಾವ ಪುಟ ಅಂತ ಬರೆದು ಎಲ್ಲರಿಗೂ ಸಿಗೋ ಹಾಗೆ ಹಾಕೋದು. ನಿಮ್ಮ ಕಾಲೇಜು ಲೈಬ್ರರಿಯ ಹಿಂದಿನ ರೂಮಲ್ಲಿ ಬೀಗ ಹಾಕಿದ ಬೀರು ಇದ್ರೆ ಒಂದ್ಸಲ ಲೈಬ್ರರಿಯನ್ ಮೇಡಂ ಹತ್ರ ಕೇಳಿ ತೆಗೆಸಿ ನೋಡಿ, ರದ್ದಿಗೆ ಹಾಕೋ ಪಟ್ಟಿ ತಯಾರಾಗೋಕೆ ಮುಂಚೆ.

ಇಷ್ಟೇ. ಹಾಳೆಗಳು ಆ ಮೇಜಿನ ಮೇಲಿವೆ, ಲೂಪ್ ಎರಡಿದೆ. ಆಚೆ ನಲ್ಲೀಲಿ ಕೈ ತೊಳ್ಕೊಂಡು ಚೆನ್ನಾಗಿ ಒರೆಸ್ಕೊಂಡು ನಾಲ್ಕು ನಾಲ್ಕು ಜನ ಬನ್ನಿ. 14ನೇ ಪ್ಲೇಟ್ ಎಡತುದೀಲಿ ಇದೆ, ಬೀಮಿನ ಕಂಬದ ತಲೆ ಮೇಲಿರೋ ಅಲಂಕಾರ, ಬಲಗಡೆ ಕಿಟಕಿಯ ಕಮಾನು, ಇವೆರಡನ್ನ ಚೆನ್ನಾಗಿ ನೋಡ್ಕೊಳ್ಳಿ. ಯಾವತ್ತಾದ್ರೂ ಯಾವುದಾದ್ರೂ ಹಳೇ ವಾಲ್ಯೂಮಲ್ಲಿ 13 ಆದ್ಮೇಲೆ 15 ಬಂದು, ನಡುವೆ ಹಾಳೆ ಕಿತ್ತ ಅಂಚು ಕಂಡ್ರೆ ನಂಗೆ ಒಂದು ಫೋನ್ ಮಾಡಿ.